ರುದ್ರಣ್ಣನ ಬೆರಳು, ನನ್ನ ಪೆಡಲ್

ಇಲ್ಲ, ಅದು ಕಪ್ಪೆಯ ದನಿಯಾಗಿರಲಿಲ್ಲ. ಕಪ್ಪೆ ಎಂದವನು ನಮ್ಮ ಡ್ರಮ್ಮರ್ ಪರಮೇಶಿ. ಅವನು ಅದನ್ನು ಎಷ್ಟು ಜನರ ಮುಂದೆ, ಎಷ್ಟು ಬಗೆಯಲ್ಲಿ ಹೇಳಿದ್ದಾನೆಂದರೆ ಈಗ ನಾನು ಪೆಡಲ್ ಮೊದಲ ಸಲ ಒತ್ತಿದ ಆ ದಿನವನ್ನು ನೆನೆದರೂ ಗಿಟಾರಿನೊಳಗಿಂದ ಕಪ್ಪೆಯೇ ಕೂಗುತ್ತದೆ. ನಿಜವಾಗಿ ಕೇಳಿಸಿದ್ದು ಬೇರೆ ಏನೋ. ನೀರು ಸಿಗದ ಬೋರ್‌ವೆಲ್ ಪಂಪಿನ ಹಾಗಿತ್ತು ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ಆದರೆ ಆ ಹೋಲಿಕೆ ನನಗೆ ಹೊಳೆದದ್ದು ಈಚೆಗೆ, ಪಕ್ಕದ ಮನೆಯವರ ಪಂಪು ಕೆಟ್ಟಾಗ. ಅಂದಮೇಲೆ ಅದೂ ಆ ದಿನದ್ದಲ್ಲ. ಎರಡನ್ನೂ ಬರೆದಿಟ್ಟಿದ್ದೇನೆ. ಓದುವವರು ತಮಗೆ ಬೇಕಾದ್ದನ್ನು ಇಟ್ಟುಕೊಳ್ಳಬಹುದು.

ನಾನು ಅರಸೀಕೆರೆಯ ಒಂದು ಆರ್ಕೆಸ್ಟ್ರಾದಲ್ಲಿ ಗಿಟಾರ್ ನುಡಿಸುತ್ತಿದ್ದೆ. ಮದುವೆಯ ಆರತಕ್ಷತೆ, ಗಣಪತಿ ಪೆಂಡಾಲು, ಶಾಲೆಯ ವಾರ್ಷಿಕೋತ್ಸವ, ಯಾರದಾದರೂ ಹೊಸ ಅಂಗಡಿ. ನಿವೃತ್ತನಾದೆ ಎಂದು ಬರೆಯಲು ಸಂಕೋಚವಾಗುತ್ತದೆ. ಈ ಕೆಲಸದಲ್ಲಿ ನಿವೃತ್ತಿಗೆ ಹಾರ ಹಾಕುವವರಿಲ್ಲ. ಫೋನ್ ಬರುವುದು ನಿಲ್ಲುತ್ತದೆ, ಅಷ್ಟೆ. ಬಡ್ತಿಯ ಮಾತಂತೂ ಇಲ್ಲವೇ ಇಲ್ಲ. ಸ್ಟೇಜಿನ ಎಡಗಡೆ ನಿಂತವನು ಎಡಗಡೆಯೇ ನಿಂತು ಮುದುಕನಾಗುತ್ತಾನೆ.

ಈಗಲೂ ಅರಸೀಕೆರೆಯ, ಬೇಲೂರಿನ ಕೆಲವರು ಗಿಟಾರ್ ಹೆಗಲಿಗೆ ಹಾಕಿಕೊಂಡು ನನ್ನ ಮನೆ ಹುಡುಕಿಕೊಂಡು ಬರುತ್ತಾರೆ. ಬಂದವರೆಲ್ಲ ಕೇಳುವುದು ಒಂದೇ: "ಅಂಕಲ್, ಪೆಡಲ್ ಒಂದಿದ್ರೆ ಮಾಮೂಲಿ ಗಿಟಾರಲ್ಲೇ ಬೇಸ್ ತೆಗೀಬೋದಂತೆ, ಹೌದಾ?" ಹೌದು, ಹಾಡಿಗೆ ಅಡಿಪಾಯದಂತಿರುವ ಆ ತಗ್ಗಿನ ದಪ್ಪ ದನಿ ತೆಗೆಯಬಹುದು. ನಾನು ವರ್ಷಗಟ್ಟಲೆ ತೆಗೆದಿದ್ದೇನೆ, ಅಥವಾ ತೆಗೆದಿದ್ದೇನೆಂದು ತಿಳಿದುಕೊಂಡಿದ್ದೇನೆ. ಈ ಎರಡನೆಯ ಮಾತು ಯಾಕೆ ಹೇಳಬೇಕಾಯಿತು ಎಂಬುದಕ್ಕೇ ಈ ಬರಹ.

ನಮ್ಮ ಓನರು ತಿಮ್ಮಪ್ಪನವರು. ಮೂಲತಃ ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುತ್ತಿದ್ದವರು. ಕುರ್ಚಿ ಕೇಳಲು ಬಂದವರೆಲ್ಲ ಆರ್ಕೆಸ್ಟ್ರಾ ಎಲ್ಲಿ ಸಿಗುತ್ತದೆ ಎಂದೂ ಕೇಳುತ್ತಿದ್ದರಂತೆ. ಒಂದು ದಿನ ಬೇಸತ್ತು ತಾವೇ ಒಂದನ್ನು ಕಟ್ಟಿದರು. ಹಾಡುವವರೂ ಅವರೇ. ದನಿ ಚೆನ್ನಾಗಿತ್ತು. ಸಂಗೀತದ ಬಗ್ಗೆ ಅವರಿಗಿದ್ದ ತಿಳಿವಳಿಕೆ ಮಾತ್ರ ಪೂರ್ತಿ ಶಾಮಿಯಾನದಿಂದ ಬಂದದ್ದು: ಎಷ್ಟು ಕಂಬ ನಿಂತಿವೆ, ಜಾಗ ತುಂಬಿ ಕಾಣುತ್ತದೆಯೇ.

ಅವರನ್ನು ಆಡಿಕೊಳ್ಳುವಂತೆಯೂ ಇಲ್ಲ. ನಮ್ಮ ಕಡೆ ಆರ್ಕೆಸ್ಟ್ರಾ ಗೊತ್ತುಮಾಡಲು ಬರುವವರು ಯಾವ ಹಾಡು ಹಾಡುತ್ತೀರಿ ಎಂದು ಕೇಳುವ ಮೊದಲು ಎಷ್ಟು ಜನ ಬರುತ್ತೀರಿ ಎಂದು ಕೇಳುತ್ತಾರೆ. ಸ್ಟೇಜಿನ ಮೇಲೆ ಜಾಗ ಖಾಲಿ ಕಂಡರೆ ಬೀಗರ ಮುಂದೆ ಮರ್ಯಾದೆಯ ಪ್ರಶ್ನೆ. ಬೇಸ್ ಗಿಟಾರ್ ಯಾಕಿದೆ ಎಂದು ಗೊತ್ತಿಲ್ಲದವರೂ ಹೋಗುವಾಗ ಬಾಗಿಲಲ್ಲಿ ನಿಂತು, "ಆ ಉದ್ದ ಕತ್ತಿನ ಗಿಟಾರ್‌ನೋರು ಬತ್ತಾರೆ ತಾನೆ?" ಎಂದು ಖಾತ್ರಿ ಮಾಡಿಕೊಳ್ಳುತ್ತಿದ್ದರು.

ಆ ಉದ್ದ ಕತ್ತಿನ ಗಿಟಾರ್‌ನವನು ರುದ್ರಣ್ಣ. ಜಾವಗಲ್ ಕಡೆಯವನು. ತೆಂಗಿನ ತೋಟ, ಒಂದಿಷ್ಟು ರಾಗಿ ಹೊಲ, ದೊಡ್ಡ ಮೀಸೆ. ಸ್ಟೇಜಿನ ಮೇಲೆ ಮಾತಿಲ್ಲ, ನಗುವಿಲ್ಲ, ಕಣ್ಣು ಮಿಟುಕಿಸುವುದೂ ಅಪರೂಪ. ಒಂದು ಸಲ ಗಂಡಸಿ ಎಂಬ ಊರಿನಲ್ಲಿ ಸ್ಟೇಜಿಗೆ ಹತ್ತಿದ ಒಬ್ಬ ಅಜ್ಜಿ ಅವನನ್ನು ಹಿಡಿದುಕೊಂಡೇ ಮೆಟ್ಟಿಲು ಇಳಿದರು. ಕಂಬ ಎಂದು ತಿಳಿದಿದ್ದರಂತೆ. ಇದನ್ನೂ ಹೇಳಿದವನು ಪರಮೇಶಿ, ಆದ್ದರಿಂದ ಅರ್ಧ ಮಾತ್ರ ನಂಬಿ.

ಪೆಡಲ್ ನನಗೆ ಸಿಕ್ಕಿದ್ದು ಬೆಂಗಳೂರಿನಿಂದ ಒಂದು ಕಾರ್ಯಕ್ರಮಕ್ಕೆ ಬಂದಿದ್ದ ಗಿಟಾರಿಸ್ಟ್ ಒಬ್ಬರಿಂದ. ಕೈಯಲ್ಲಿ ಹಿಡಿಯುವಷ್ಟು ಸಣ್ಣ ಕಬ್ಬಿಣದ ಡಬ್ಬಿ. ಗಿಟಾರಿನ ವೈರು ಒಂದು ಕಡೆಯಿಂದ ಒಳಗೆ, ಇನ್ನೊಂದು ಕಡೆಯಿಂದ ಆಂಪ್ಲಿಫೈಯರಿಗೆ. ಕಾಲಿನಿಂದ ಒತ್ತಿದರೆ ನಾವು ನುಡಿಸಿದ ಸ್ವರವನ್ನು ಒಂದು ಸ್ಥಾಯಿ ಕೆಳಕ್ಕೆ ಇಳಿಸಿ ಕೊಡುತ್ತದೆ. ಆಕ್ಟೇವ್ ಪೆಡಲ್ ಎಂದು ಹೆಸರು.

ನಮ್ಮ ಪ್ರಾಕ್ಟೀಸು ನಡೆಯುತ್ತಿದ್ದದ್ದು ಒಂದು ಕೊಬ್ಬರಿ ಗೋದಾಮಿನ ಹಿಂದಿನ ಕೋಣೆಯಲ್ಲಿ. ಅಲ್ಲಿ ಎಲ್ಲರ ಮುಂದೆ ಪೆಡಲ್ ಒತ್ತಿ, ಗತ್ತಿನಿಂದ ಆರೂ ತಂತಿಗೆ ಒಟ್ಟಿಗೆ ಒಂದು ಕಾರ್ಡ್, ಅಂದರೆ ಹಲವು ಸ್ವರಗಳ ಒಂದು ಗುಚ್ಛ, ಬಾರಿಸಿದೆ. ಮೊದಲೇ ಹೇಳಿದೆನಲ್ಲ, ಆ ಕಪ್ಪೆ ಅಥವಾ ಆ ಪಂಪು, ಅದು ಹೊರಬಿದ್ದದ್ದು ಆಗ.

"ನಾಗಣ್ಣ," ಎಂದ ಪರಮೇಶಿ, "ಎಲ್ಲಿ ಹಿಡ್ದೆ ಈ ಕಪ್ಪೇನ? ಬಿಟ್ಬಿಡು, ಪಾಪ ಬತ್ತದೆ."

ತಿಮ್ಮಪ್ಪನವರು ಕಿವಿಯಿಂದ ಕೈ ತೆಗೆದು, "ಮದ್ವೆ ಮನೇಲಿ ಇದನ್ನ ಬಾರಿಸಿದ್ರೆ ಹೆಣ್ಣಿನ ಕಡೆಯೋರು ಎದ್ದು ಹೋಗ್ತಾರೆ ಕಣಯ್ಯ," ಎಂದರು.

ಆ ಪೆಡಲ್ ಒಂದು ಸಲಕ್ಕೆ ಒಂದೇ ಸ್ವರ ಕೇಳಿಸಿಕೊಳ್ಳುವ ಪ್ರಾಣಿ. ಎರಡು ಸ್ವರ ಒಟ್ಟಿಗೆ ಹೋದರೆ ಯಾರಿಗೆ ಉತ್ತರ ಕೊಡಲಿ ಎಂದು ಗಾಬರಿಯಾಗಿ ಮಧ್ಯದಲ್ಲಿ ಇಲ್ಲದ್ದೇನನ್ನೋ ಕೂಗುತ್ತದೆ. ಇದು ತಿಳಿಯಲು ನನಗೆ ಒಂದು ವಾರ ಹಿಡಿಯಿತು. ಒಂದು ತಿಂಗಳೂ ಇರಬಹುದು.

ಕಲಿಯುವವರಿಗಾಗಿ ಉಳಿದದ್ದನ್ನೂ ಹೇಳಿಬಿಡುತ್ತೇನೆ. ತಂತಿಯ ದನಿ ಹಿಡಿಯುವ ಪಿಕಪ್‌ಗಳಲ್ಲಿ ಗಿಟಾರಿನ ಕತ್ತಿನ ಹತ್ತಿರದ್ದನ್ನು ಮಾತ್ರ ಇಟ್ಟುಕೊಳ್ಳಿ, ಟೋನ್ ಗುಂಡಿಯನ್ನು ಪೂರ್ತಿ ಇಳಿಸಿ. ಮೀಟುವ ಪ್ಲಾಸ್ಟಿಕ್ ಬಿಲ್ಲೆ ಜೇಬಿಗೆ ಹಾಕಿ ಹೆಬ್ಬೆರಳಿನ ಮಾಂಸದಿಂದ ಮೀಟಿ. ಮೀಟದ ತಂತಿಗಳನ್ನು ಅಂಗೈಯಿಂದ ಒತ್ತಿ ಸುಮ್ಮನಾಗಿಸಿ, ಇಲ್ಲದಿದ್ದರೆ ಅವು ಪಕ್ಕದಲ್ಲಿ ಪಿಸುಗುಟ್ಟಿದ್ದೂ ಪೆಡಲಿಗೆ ಕೇಳುತ್ತದೆ. ಬೇಸ್ ಬೇಕೆಂದು ಗಿಟಾರಿನ ಕೆಳಗಿನ ಸ್ವರಗಳಿಗೆ ಹೋಗಬೇಡಿ. ಕತ್ತಿನ ಮಧ್ಯದ ಮನೆಗಳಲ್ಲಿ ಖಚಿತವಾಗಿ ನುಡಿಸಿ, ಇಳಿಸುವ ಕೆಲಸ ಪೆಡಲಿಗೆ ಬಿಡಿ. ಮತ್ತು ದಯವಿಟ್ಟು ಗಿಟಾರಿನ ಆಂಪ್ಲಿಫೈಯರಿಗೆ ಸೇರಿಸಬೇಡಿ. ನಾನು ಸೇರಿಸಿದೆ. ಆ ಸಣ್ಣ ಸ್ಪೀಕರಿನ ಕಾಗದ ಮೂರನೆಯ ಹಾಡಿಗೆ ಹರಿಯಿತು. ತಿಮ್ಮಪ್ಪನವರು ತಮ್ಮ ಟೈಲರನ್ನು ಕರೆಸಿ ಶಾಮಿಯಾನಕ್ಕೆ ಹಾಕುವಂಥ ತೇಪೆ ಹಾಕಿಸಿದರು. ಅಲ್ಲಿಂದ ಮುಂದೆ ಆ ಸ್ಪೀಕರಿನಿಂದ ಯಾವ ಹಾಡು ನುಡಿಸಿದರೂ ಬಟ್ಟೆ ಒಗೆದ ಹಾಗೆ ಕೇಳುತ್ತಿತ್ತು.

ಆಮೇಲೆ ರುದ್ರಣ್ಣನ ದೊಡ್ಡ ಬೇಸ್ ಆಂಪ್ಲಿಫೈಯರಿಗೆ ಸೇರಿಸಿ ನುಡಿಸಿದೆ. ದಪ್ಪ, ದುಂಡನೆಯ ದನಿ ಬಂತು. ಗೋದಾಮಿನ ಆ ಕಡೆ ಕೊಬ್ಬರಿ ಚೀಲದ ಮೇಲೆ ಮಲಗಿದ್ದ ಬೆಕ್ಕು ಎದ್ದು ಹೋಯಿತು. ರುದ್ರಣ್ಣ ಪೆಡಲನ್ನು ಬಗ್ಗಿ ನೋಡಿ, "ಈ ದಪ್ಪ ದಪ್ಪ ತಂತಿ ಮೇಲೆ ನಾನು ಬೆರಳು ಸವೆಸ್ಕಂಡು ತೆಗೆಯೋದ್ನ ನೀನು ಕಾಲಲ್ಲಿ ತೆಗೀತೀಯಲ್ಲೋ ನಾಗ!" ಎಂದ. ಬೇಜಾರಿನಿಂದ ಹೇಳಿದನೋ ತಮಾಷೆಗೋ ತಿಳಿಯಲಿಲ್ಲ. ಅವನ ಮುಖದಲ್ಲಿ ಎರಡಕ್ಕೂ ಒಂದೇ ಭಾವ.

ಸ್ವಲ್ಪ ಕಾಲದ ಮೇಲೆ ರುದ್ರಣ್ಣ ಕೈಗೆ ಬ್ಯಾಂಡೇಜು ಸುತ್ತಿಕೊಂಡು ನನ್ನ ಮನೆಗೆ ಬಂದ. ತೋಟದಲ್ಲಿ ಕಾಯಿ ಸುಲಿಯಲು ನೆಲಕ್ಕೆ ನೆಟ್ಟ ಕಬ್ಬಿಣದ ಮೊನೆಯ ಮೇಲೆ ಎಡಗೈ ಜಾರಿತ್ತು. ಹೊಲಿಗೆ ಬಿಚ್ಚಿದ ಮೇಲೂ ಮಧ್ಯದ ಎರಡು ಬೆರಳು ಮಡಿಸಲು ಬರುತ್ತಿರಲಿಲ್ಲ. ಎಡಗೈಯಿಂದ ತಂತಿ ಒತ್ತದೆ ಬೇಸ್ ನುಡಿಸುವುದೆಲ್ಲಿ ಬಂತು?

"ತಿಮ್ಮಪ್ಪಂಗೆ ಹೇಳ್ಬೇಡ ಕಣ್ಲಾ. ಸಣ್ಣ ಏಟು ಅಂದಿದೀನಿ."

"ಹೇಳಿದ್ರೆ ಏನಾಯ್ತದೆ ರುದ್ರಣ್ಣ? ಕೆಲ್ಸದಿಂದ ತೆಗೆದುಹಾಕ್ತಾರಾ?"

"ತೆಗೆಯಲ್ಲ. ಒಳ್ಳೇ ಮನುಷ್ಯ, ಅದೇ ಕಷ್ಟ. ರೆಸ್ಟ್ ತಗೋ ರುದ್ರ ಅಂತಾರೆ. ನಮ್ ಆರ್ಕೆಸ್ಟ್ರಾದಲ್ಲಿ ರೆಸ್ಟ್ ತಗಂಡೋರು ಯಾರಾದ್ರೂ ವಾಪಸ್ ಬಂದಿದಾರಾ? ಆ ಟ್ರಂಪೆಟ್‌ನೋನು ರೆಸ್ಟ್ ತಗಂಡ. ಈಗ ಬಾಣಾವರದಲ್ಲಿ ಎಳನೀರು ಕೊಚ್ಚುತಾವ್ನೆ."

"ನಿಂಗೇನ್ ಕಮ್ಮಿ? ತೋಟ ಐತೆ..."

"ತೋಟ ಎಲ್ರಿಗೂ ಐತೆ. ನಮ್ಮೂರಲ್ಲಿ ರುದ್ರ ಅನ್ನೋರು ಬೀದಿಗೊಬ್ರು ಅವ್ರೆ. ಬೇಸ್ ರುದ್ರ ಅಂದ್ರೆ ನಾನೊಬ್ನೇ." ಬ್ಯಾಂಡೇಜಿನ ತುದಿಯನ್ನು ಒಳಗೆ ಸಿಕ್ಕಿಸಿಕೊಂಡ. "ನಮ್ಮ ಹಟ್ಟಿ ಮುಂದೆ ಪೋಸ್ಟ್‌ಮ್ಯಾನ್ ಕೂಗೋದೂ ಅದೇ ಹೆಸ್ರಲ್ಲಿ ಕಣ್ಲಾ."

ಮುಂದೆ ನಾವು ಮಾಡಿದ ಉಪಾಯ ಯಾರಿಗೆ ಹೊಳೆದದ್ದು ಎಂಬುದರಲ್ಲಿ ನಮ್ಮಿಬ್ಬರಿಗೂ ಒಮ್ಮತವಿಲ್ಲ. ನನಗೆ ಎಂದು ನಾನು ಹೇಳುತ್ತೇನೆ. ತನಗೆ ಎಂದು ಅವನು ಹೇಳುತ್ತಾನೆ. ಯಾರಿಗೂ ಹೊಳೆಯದೆ ತಾನಾಗಿ ಆಗಿಹೋದ ಸಾಧ್ಯತೆಯೂ ಇದೆ. ಅವನ ಬೇಸ್ ಗಿಟಾರಿನ ವೈರು ಆಂಪ್ಲಿಫೈಯರಿನ ಹಿಂದಕ್ಕೆ ಹೋಗಿ ಯಾವ ತೂತಿಗೂ ಸೇರದೆ ಅಲ್ಲೇ ನೆಲದ ಮೇಲೆ ಸುತ್ತಿಕೊಂಡು ಮಲಗುತ್ತಿತ್ತು. ನನ್ನ ಗಿಟಾರಿನ ವೈರು ಪೆಡಲಿಗೆ ಬಂದು, ಪೆಡಲಿನಿಂದ ಅವನ ಆಂಪ್ಲಿಫೈಯರಿಗೆ ಹೋಗುತ್ತಿತ್ತು. ನುಡಿಸುವವನು ನಾನು. ನಿಲ್ಲುವವನು ಅವನು.

ಮೊದಲ ಪ್ರಯೋಗ ಗಂಡಸಿಯ ಒಂದು ಆರತಕ್ಷತೆಯಲ್ಲಿ. ನಾನು ಬೆವರುತ್ತಿದ್ದೆ. ಯಾರಾದರೂ ಕಂಡುಹಿಡಿದರೆ ಎಂಬ ಭಯ. ಆದರೆ ಕಂಡುಹಿಡಿಯಲು ಯಾರಾದರೂ ನನ್ನ ಕಡೆ ನೋಡಬೇಕಲ್ಲ? ಎಲ್ಲರ ಕಣ್ಣೂ ರುದ್ರಣ್ಣನ ಮೇಲಿತ್ತು. ನಿಜವಾಗಿ ನುಡಿಸುತ್ತಿದ್ದಾಗ ಕಂಬದ ಹಾಗೆ ನಿಲ್ಲುತ್ತಿದ್ದ ಮನುಷ್ಯ, ನುಡಿಸುವ ಕೆಲಸ ತಪ್ಪಿದ ಕೂಡಲೇ ಕಲಾವಿದನಾಗಿಬಿಟ್ಟಿದ್ದ. ಕಣ್ಣು ಮುಚ್ಚಿದ. ತಲೆ ಕುಣಿಸಿದ. ಒಂದು ಹಾಡಿನಲ್ಲಿ ಮಂಡಿಯೂರಿ ಕೂತುಬಿಟ್ಟ. ಹುಡುಗಿಯ ತಂದೆ ಸ್ಟೇಜಿಗೆ ಬಂದು ಅವನಿಗೆ ಶಾಲು ಹೊದಿಸಿದರು. ಇಳಿಯುವಾಗ ನನ್ನ ಕಡೆ ತಿರುಗಿ, "ನಿಮಗೆ ಮೈ ಹುಷಾರಿಲ್ವಾ? ಸುಮ್ನೆ ನಿಂತಿದ್ರಿ," ಎಂದು ಕನಿಕರ ತೋರಿಸಿದರು.

ವ್ಯಾನಿನಲ್ಲಿ ನಾನು ಮೆಲ್ಲಗೆ ಹೇಳಿದೆ. "ರುದ್ರಣ್ಣ, ಸ್ವಲ್ಪ ಕಮ್ಮಿ ಕುಣಿ."

"ಸುಮ್ನೆ ನಿಂತ್ರೆ ಅನುಮಾನ ಬತ್ತದೆ ಕಣ್ಲಾ."

"ಇಷ್ಟು ವರ್ಷ ಸುಮ್ನೇ ನಿಂತಿದ್ದೆ, ಯಾರಿಗೂ ಅನುಮಾನ ಬರ್ಲಿಲ್ಲ. ಮತ್ತೆ ನಾನು ಮೀಟೋಕೆ ಮುಂಚೇನೇ ನೀನು ತಲೆ ಆಡಿಸ್ತೀಯ."

"ನೀನು ತಡ ಮಾಡ್ತೀಯ. ಅದಕ್ಕೆ ನಾನೇನ್ ಮಾಡ್ಲಿ?"

ಇನ್ನೊಂದು ಸಲ ಬೇಲೂರಿನಲ್ಲಿ ಎರಡನೆಯ ಚರಣದಲ್ಲಿ ನಾನು ದಾರಿ ತಪ್ಪಿದೆ. ಹಾಡು ಮೇಲೆ ಹೋಯಿತು, ನನ್ನ ಬೇಸ್ ಕೆಳಗೇ ಉಳಿಯಿತು. ಕಾರ್ಯಕ್ರಮ ಮುಗಿದ ಮೇಲೆ ತಿಮ್ಮಪ್ಪನವರು ರುದ್ರಣ್ಣನನ್ನು ಎಲ್ಲರೆದುರು ತರಾಟೆಗೆ ತೆಗೆದುಕೊಂಡರು. ಅವನು ತಲೆತಗ್ಗಿಸಿ, "ತಪ್ಪಾಯ್ತಣ್ಣ, ಇನ್ಮೇಲೆ ನೋಡ್ಕಂತೀನಿ," ಎಂದ. ಆಮೇಲೆ ನನ್ನನ್ನು ಯಗಚಿ ಹೊಳೆಯ ಸೇತುವೆಯ ಕಡೆಗೆ ಕರೆದುಕೊಂಡು ಹೋಗಿ, "ನಿನ್ನಿಂದ ನನ್ ಹೆಸ್ರು ಹಾಳಾಗ್ತೈತೆ. ಮನೇಲಿ ಸ್ವಲ್ಪ ಪ್ರಾಕ್ಟೀಸ್ ಮಾಡು," ಎಂದು ಗಂಭೀರವಾಗಿ ಬುದ್ಧಿ ಹೇಳಿದ. ನಾನೂ "ಆಯ್ತು" ಎಂದೆ. ಆ ಕ್ಷಣಕ್ಕೆ ಅದು ನ್ಯಾಯವಾಗಿಯೇ ಕಂಡಿತು.

ಇಲ್ಲಿಯವರೆಗೆ ಬರೆದದ್ದನ್ನು ಓದಿ ನೋಡಿದೆ. ಎಲ್ಲ ಒಂದರ ಹಿಂದೆ ಒಂದು ಬಂದು ಸರಿಯಾಗಿ ಕೂತಿವೆ. ನಡೆಯುವಾಗ ಹಾಗಿರಲಿಲ್ಲ. ನಡುನಡುವೆ ಏನೂ ಆಗದ ಕಾರ್ಯಕ್ರಮಗಳು ಬೇಕಾದಷ್ಟಿದ್ದವು, ಬಿಸಿ ಇಲ್ಲದ ಅನ್ನ, ಸಿಗದ ಪ್ಲಗ್ ಪಾಯಿಂಟ್, ಮೈಕ್ ಬಿಡದ ಅಧ್ಯಕ್ಷರು. ಅವನ್ನೆಲ್ಲ ಬಿಟ್ಟು ಬರೆದರೆ ನಾವು ದಿನಾ ನಾಟಕ ಆಡುತ್ತಿದ್ದ ಹಾಗೆ ಕಾಣುತ್ತದೆ. ಹೆಚ್ಚಿನ ದಿನ ನಾವು ಹಸಿದಿರುತ್ತಿದ್ದೆವು, ಅಷ್ಟೆ.

ಒಂದು ದಿನ ತಿಮ್ಮಪ್ಪನವರು ನನ್ನನ್ನು ಅಂಗಡಿಗೆ ಕರೆಸಿದರು. ದೊಡ್ಡ ದೊಡ್ಡ ಅನ್ನದ ಹಂಡೆಗಳ ನಡುವೆ ಕೂತಿದ್ದರು.

"ನಾಗ, ಬೇಜಾರ್ ಮಾಡ್ಕೋಬೇಡ. ನಿನ್ನ ಗಿಟಾರು ಕೇಳ್ತಾನೇ ಇಲ್ವಲ್ಲೋ?"

ಕೇಳದಿರುವುದು ನಿಜ. ಗಿಟಾರನ್ನು ಪೂರ್ತಿ ಬೇಸ್ ಮಾಡಿಟ್ಟ ಮೇಲೆ ಗಿಟಾರ್ ಎಲ್ಲಿಂದ ಕೇಳಬೇಕು?

"ರುದ್ರನ್ನ ನೋಡಿ ಕಲಿ. ಕೈಗೆ ಏಟು ಬಿದ್ದ ಮೇಲೆ ಎಂಥ ಕೈ ಬಂದಿದೆ ಅವನಿಗೆ! ಹೋದಲ್ಲೆಲ್ಲ ಅವನ್ನೇ ಕೇಳ್ತಾರೆ. ನಿನ್ನ ಬಗ್ಗೆ ಯಾರೂ ಕೇಳಲ್ಲ. ಹಳೇಬೀಡಲ್ಲಿ ಆರತಕ್ಷತೆ ಇದೆಯಲ್ಲ, ಅವತ್ತು ನಿನ್ನ ಗಿಟಾರು ನನ್ನ ಕಿವಿಗೆ ಬೀಳ್ಬೇಕು. ಇಲ್ಲಾಂದ್ರೆ ಆ ಪಾರ್ಟ್ ವಿಜಯಮ್ಮನವರೇ ಕೀಬೋರ್ಡಲ್ಲಿ ನುಡಿಸ್ಕೊಳ್ಳಲಿ."

"ಸ್ಟೇಜಲ್ಲಿ ಒಬ್ರು ಕಮ್ಮಿ ಆಗ್ತಾರಲ್ಲ ತಿಮ್ಮಪ್ಪಣ್ಣ?" ಅವರ ಶಾಸ್ತ್ರದಿಂದಲೇ ಹಿಡಿಯಲು ನೋಡಿದೆ.

"ನಮ್ ಭಾವಮೈದ ಇದಾನೆ. ಕೈಗೊಂದು ಗಿಲಕಿ ಕೊಟ್ಟು ನಿಲ್ಲಿಸ್ತೀನಿ."

ಗಿಲಕಿ ಅಲ್ಲಾಡಿಸುವ ಭಾವಮೈದನಿಗೆ ನನ್ನ ಜಾಗ ಹೋಗುವುದರಲ್ಲಿತ್ತು. ಹೋದರೆ ನನ್ನೊಂದಿಗೆ ಬೇಸೂ ಹೋಗುತ್ತದೆ. ಅದೇ ದಿನ ರುದ್ರಣ್ಣನೂ ಸಿಕ್ಕಿಬೀಳುತ್ತಾನೆ. ನಿಜ ಹೇಳಿದರೆ ನಾನು ಉಳಿಯುತ್ತೇನೆ, ಅವನು ರೆಸ್ಟ್ ತೆಗೆದುಕೊಳ್ಳುತ್ತಾನೆ. ಜಾವಗಲ್ ಬಸ್ ಹತ್ತಿ ಹೋಗಿ ಅವನಿಗೆ ಎಲ್ಲ ಹೇಳಿದೆ.

ಅವನು ಬಹಳ ಹೊತ್ತು ತೆಂಗಿನ ಬುಡಕ್ಕೆ ನೀರು ಹಾಯಿಸುತ್ತಲೇ ಇದ್ದ. ಬುಡ ತುಂಬಿ ನೀರು ಕಾಲುದಾರಿಗೆ ಹರಿಯಿತು. ಕೊನೆಗೆ, "ಹೇಳ್ಬಿಡು ನಾಗ. ನಿನ್ ಕೆಲ್ಸಾನಾದ್ರೂ ಉಳೀಲಿ," ಎಂದ. ಆಮೇಲೆ ತನ್ನ ಎಡಗೈಯನ್ನು ಮುಂದೆ ಹಿಡಿದು, ಬೇರೆ ಯಾರದೋ ಕೈ ಎಂಬಂತೆ ನೋಡಿದ. ಮಡಿಸಲು ನೋಡುತ್ತಿದ್ದನೇ? ಮಧ್ಯದ ಬೆರಳು ಸ್ವಲ್ಪ ಅಲುಗಿತು ಎಂದು ನನ್ನ ನೆನಪು. ಆದರೆ ಮುಂದೆ ಆದದ್ದು ಗೊತ್ತಿರುವುದರಿಂದ ಆ ಅಲುಗಾಟವನ್ನು ನಾನೇ ಆಮೇಲೆ ಸೇರಿಸಿರಬಹುದು.

ಹೇಳುವ ಮನಸ್ಸು ಬರಲಿಲ್ಲ. ಮನೆಗೆ ಬಂದು ಪೆಡಲನ್ನು ತಿರುಗಿಸಿ ತಿರುಗಿಸಿ ನೋಡಿದೆ. ಪಕ್ಕದಲ್ಲಿ ಇನ್ನೊಂದು ತೂತಿತ್ತು. ಅದನ್ನು ಇಷ್ಟು ದಿನ ಗಾಳಿಯಾಡಲು ಇಟ್ಟದ್ದೆಂದು ತಿಳಿದಿದ್ದೆ. ವೈರು ಚುಚ್ಚಿ ನೋಡಿದರೆ ಅದರಿಂದ ಗಿಟಾರಿನ ಮೂಲ ದನಿಯೇ ಬರುತ್ತಿತ್ತು. ಅಂದರೆ ಒಂದು ತೂತಿನಿಂದ ಬೇಸ್ ರುದ್ರಣ್ಣನ ಆಂಪ್ಲಿಫೈಯರಿಗೆ, ಇನ್ನೊಂದರಿಂದ ಗಿಟಾರ್ ನನ್ನ ಆಂಪ್ಲಿಫೈಯರಿಗೆ. ಒಂದೇ ಕೈ, ಎರಡು ದನಿ. ಒಂದೊಂದೇ ಸ್ವರ ನುಡಿಸುವ ಕಡೆಯಲ್ಲೆಲ್ಲ ಇದು ಸಾಕು. ಪಲ್ಲವಿಯಲ್ಲಿ ಜೋರಾಗಿ ಕಾರ್ಡ್ ಬಾರಿಸಬೇಕಾದಾಗ ಕಪ್ಪೆ ಎದ್ದುಬಿಡುತ್ತದೆ. ಆಗ ಪೆಡಲ್ ಆರಿಸಬೇಕು, ಬೇಸ್ ನಿಲ್ಲುತ್ತದೆ. ನಿಂತದ್ದು ಗೊತ್ತಾಗದಂತೆ ರುದ್ರಣ್ಣ ಎರಡೂ ಕೈ ಎತ್ತಿ ಜನರಿಂದ ಚಪ್ಪಾಳೆ ತಟ್ಟಿಸಬೇಕು.

"ಅದು ನಂಗೆ ಚೆನ್ನಾಗಿ ಬತ್ತದೆ," ಎಂದ ರುದ್ರಣ್ಣ.

ಗೋದಾಮಿನಲ್ಲಿ ನಾವಿಬ್ಬರೇ ಪ್ರಾಕ್ಟೀಸು ಮಾಡಿದೆವು. ಎಷ್ಟು ಚೆನ್ನಾಗಿ ಬಂತೆಂದರೆ, ಯಾವ ವೈರು ಯಾವ ತೂತಿಗೆ ಎಂದು ಮರೆಯಬಾರದೆಂದು ಎಲ್ಲವನ್ನೂ ಚುಚ್ಚಿದ ಹಾಗೆಯೇ ಪೆಡಲನ್ನು ಪೆಟ್ಟಿಗೆಯಲ್ಲಿಟ್ಟೆ. ಕಲಿಯುವವರೇ, ನನ್ನ ವೃತ್ತಿಜೀವನದ ಅತಿ ದೊಡ್ಡ ಪೆದ್ದುತನ ಇದು. ಗಿಟಾರಿನ ವೈರು ಚುಚ್ಚಿರುವಷ್ಟು ಹೊತ್ತೂ ಆ ಪೆಡಲ್ ಎಚ್ಚರವಾಗಿರುತ್ತದೆ, ಕಾಲಿಂದ ಒತ್ತಲಿ ಬಿಡಲಿ. ಒಳಗೆ ಕೂತು ಬ್ಯಾಟರಿ ತಿನ್ನುತ್ತಲೇ ಇರುತ್ತದೆ. ಅಂದಿನಿಂದ ಹಳೇಬೀಡಿನ ಕಾರ್ಯಕ್ರಮದ ತನಕ ಪೆಟ್ಟಿಗೆಯ ಕತ್ತಲಲ್ಲಿ ಅದು ತಿಂದದ್ದೇ ತಿಂದದ್ದು.

ಹಳೇಬೀಡಿನ ಕಲ್ಯಾಣ ಮಂಟಪ. ಸಂಜೆ, ಇನ್ನೂ ಬೆಳಕಿತ್ತು. ಹುಡುಗ ಹುಡುಗಿ ಕುರ್ಚಿಯಲ್ಲಿ ಕೂತಿದ್ದರು, ಉಡುಗೊರೆ ಕೊಡುವವರ ಸಾಲು ಬಾಗಿಲ ತನಕ. ಬಲಕ್ಕೆ ವಿಜಯಮ್ಮ, ಬೇಲೂರಿನ ಶಾಲೆಯೊಂದರಲ್ಲಿ ಸಂಗೀತದ ಟೀಚರು, ಕೀಬೋರ್ಡಿನ ಮುಂದೆ. ಹಿಂದೆ ಪರಮೇಶಿ. ಎಡಕ್ಕೆ ನಾನು, ನನ್ನ ಪಕ್ಕದಲ್ಲಿ ರುದ್ರಣ್ಣ. ಮೊದಲ ಹಾಡು ಹೇಳಿ ಮಾಡಿಸಿದ ಹಾಗೆ ನಡೆಯಿತು. ಎರಡನೆಯ ಹಾಡಿನ ಚರಣದಲ್ಲಿ ಬೇಸ್ ಗೊಗ್ಗರಾಯಿತು. ಒಂದೊಂದೇ ಸ್ವರ ನುಡಿಸುತ್ತಿದ್ದರೂ ಕಪ್ಪೆ ಕೂಗಿತು. ಬ್ಯಾಟರಿ ಸಾಯುವಾಗ ಹೀಗೇ ಆಗುತ್ತದೆ. ಪರಮೇಶಿ ಡ್ರಮ್ಮಿನ ಹಿಂದಿನಿಂದ, "ಬಂತು, ಬಂತು," ಎಂದ. ಆಮೇಲೆ ಕಪ್ಪೆಯೂ ಇಲ್ಲ, ಗಿಟಾರೂ ಇಲ್ಲ. ಎರಡು ದಾರಿಯೂ ಅದೇ ಡಬ್ಬಿಯ ಮೂಲಕ ಹೋಗುತ್ತಿದ್ದವಲ್ಲ, ಎರಡೂ ಒಟ್ಟಿಗೆ ಸತ್ತವು.

ತಿಮ್ಮಪ್ಪನವರು ಹಾಡುತ್ತಲೇ ನನ್ನ ಕಡೆ ತಿರುಗಿ ನೋಡಿದರು. ಆ ನೋಟದಲ್ಲಿ ಗಿಲಕಿ ಇತ್ತು.

ನಾನು ಬಗ್ಗಿ ಪೆಡಲಿನಿಂದ ಗಿಟಾರಿನ ವೈರು ಕಿತ್ತೆ. ನೇರವಾಗಿ ನನ್ನ ಆಂಪ್ಲಿಫೈಯರಿಗೆ ಚುಚ್ಚಬೇಕಿತ್ತು. ಆತುರದಲ್ಲಿ ತೂತು ಸಿಗಲಿಲ್ಲ. ಬೇಸ್ ಮುಗಿಯಿತು, ರುದ್ರಣ್ಣ ಮುಗಿದ, ಕೊನೆಪಕ್ಷ ಗಿಟಾರಾದರೂ ಕೇಳಲಿ ಎಂದು ಅಲ್ಲಿ ಮಂಡಿಯೂರಿ ತಡಕಾ‌ಡುತ್ತಿದ್ದೆ.

ಬೇಸ್ ನಿಂತಿರಲಿಲ್ಲ.

ಎರಡೇ ಸ್ವರ. ಒಂದು ಮೇಲೆ, ಒಂದು ಕೆಳಗೆ, ತಾಳಕ್ಕೆ ಸರಿಯಾಗಿ, ಏನೂ ಚಮತ್ಕಾರವಿಲ್ಲದೆ. ನಾನು ನುಡಿಸುತ್ತಿದ್ದುದಕ್ಕಿಂತ ಬಡ ಬೇಸ್, ಆದರೆ ಹಾಡು ಅದರ ಮೇಲೆ ಆರಾಮಾಗಿ ಕೂತಿತ್ತು. ನನ್ನ ವೈರು ನನ್ನ ಕೈಯಲ್ಲೇ ಇತ್ತು. ಇದೊಂದು ವಿವರವನ್ನು ಮಾತ್ರ ನಾನು ಅನುಮಾನಿಸುವುದಿಲ್ಲ, ಅಂಗೈಯಲ್ಲಿ ಆ ಪಿನ್ನು ಒತ್ತಿದ ಗುರುತು ಎರಡು ದಿನ ಇತ್ತು. ತಲೆ ಎತ್ತಿ ನೋಡಿದೆ. ರುದ್ರಣ್ಣ ಕಣ್ಣು ಮುಚ್ಚಿ ನಿಂತಿದ್ದ. ಕುಣಿಯುತ್ತಿರಲಿಲ್ಲ. ಬೆರಳು ಆಡುತ್ತಿದ್ದವು, ಆದರೆ ಅವು ಎಂದೂ ಆಡುತ್ತಿದ್ದವು, ಅದೇ ಅವನ ಕೆಲಸ. ಕೀಬೋರ್ಡಿನಲ್ಲಿ ತಗ್ಗಿನ ಸ್ವರ ನುಡಿಸುವ ವಿಜಯಮ್ಮನವರ ಎಡಗೈ ಹಾಡಿನ ಪುಸ್ತಕದ ಸ್ಟ್ಯಾಂಡಿನ ಹಿಂದೆ ಮರೆಯಾಗಿತ್ತು.

ವೈರು ತೂತು ಸೇರಿತು. ಆಂಪ್ಲಿಫೈಯರಿನ ವಾಲ್ಯೂಮ್ ನಾನು ಹೆದರಿಕೆಯಿಂದ ಜಾಸ್ತಿ ಇಟ್ಟಿದ್ದೆ. ಮೊದಲ ಕಾರ್ಡಿಗೇ ಉಡುಗೊರೆಯ ಸಾಲು ಅರ್ಧ ಅಡಿ ಹಿಂದೆ ಸರಿಯಿತು. ಹುಡುಗಿಯ ಅಜ್ಜ ಎದ್ದು ನಿಂತರು. ತಿಮ್ಮಪ್ಪನವರು ಹಾಡಿನ ನಡುವೆ ಮೈಕಿನಲ್ಲೇ, "ಆಹಾ, ಗಿಟಾರ್!" ಎಂದರು. ಉಳಿದ ಕಾರ್ಯಕ್ರಮ ಪೂರ್ತಿ ನಾನು ಗಿಟಾರ್ ನುಡಿಸಿದೆ, ಬರೀ ಗಿಟಾರ್. ಕೆಳಗೆ ಆ ಎರಡು ಸ್ವರದ ಬೇಸ್ ನಡೆಯುತ್ತಲೇ ಇತ್ತು.

ಮುಗಿದ ಮೇಲೆ ಸಾಮಾನು ಕಟ್ಟುವಾಗ ರುದ್ರಣ್ಣನ ಪಕ್ಕಕ್ಕೆ ಹೋದೆ. "ಯಾವಾಗಿಂದ?" ಎಂದೆ.

"ಏನು ಯಾವಾಗಿಂದ?"

"ಬೇಸ್ ನುಡಿಸಿದ್ದು."

"ನೀನೇ ಅಲ್ವೇನ್ಲಾ?"

"ನನ್ ವೈರು ನನ್ ಕೈಯಲ್ಲಿತ್ತು ಮಾರಾಯ."

"ನಾನು ಕಣ್ ಮುಚ್ಕಂಡಿದ್ದೆ. ನಂಗೇನ್ ಗೊತ್ತು?" ಎಂದು ಹೇಳಿ ಸ್ಪೀಕರ್ ಹೊತ್ತುಕೊಂಡು ವ್ಯಾನಿನ ಕಡೆ ಹೋದ.

ವಿಜಯಮ್ಮನವರನ್ನು ಕೇಳಿದೆ. "ನಾನ್ಯಾಕ್ರೀ ಬೇಸ್ ನುಡಿಸ್ಲಿ? ಫ್ಯಾನ್ ಗಾಳಿಗೆ ಹಾಳೆ ಹಾರ್ತಿತ್ತು, ಎಡಗೈಲಿ ಅದನ್ನೇ ಹಿಡ್ಕೊಂಡಿದ್ದೆ. ಒಂದು ಕ್ಲಿಪ್ ತಂದುಕೊಡಿ ಅಂತ ಎಷ್ಟು ದಿನದಿಂದ ಹೇಳ್ತಿದೀನಿ?" ಎಂದು ನನಗೇ ಬೈದರು. ಅವರ ಎರಡೂ ಕೈ ಕೀಬೋರ್ಡಿನ ಮೇಲೇ ಇದ್ದವು ಎಂದು ಪರಮೇಶಿ ಆಣೆ ಮಾಡಿದ. ಹಾಗಾದರೆ ಬೇಸ್ ಯಾವ ಕಡೆಯಿಂದ ಕೇಳಿತು ಎಂದು ಕೇಳಿದರೆ, "ನಂಗೆ ನನ್ ಡ್ರಮ್ ಬಿಟ್ಟು ಬೇರೇನೂ ಕೇಳಲ್ಲ ನಾಗಣ್ಣ, ನಿಂಗೇ ಗೊತ್ತಲ್ಲ," ಎಂದ. ಕಲ್ಯಾಣ ಮಂಟಪದ ಗೋಡೆಗಳಿಗೆ ಬಡಿದು ಬರುವ ದನಿಯಲ್ಲಿ ದಿಕ್ಕು ಹಿಡಿಯುವುದು ನನಗೂ ಆಗಿರಲಿಲ್ಲ.

ತಿಮ್ಮಪ್ಪನವರು ವ್ಯಾನಿನ ಮುಂದಿನ ಸೀಟಿನಲ್ಲಿ ಕೂತು, ಹಿಂದೆ ತಿರುಗದೆ ಹೇಳಿದರು. "ಇವತ್ತು ಗಿಟಾರೂ ಕೇಳ್ತು, ಬೇಸೂ ಕೇಳ್ತು. ಹಿಂಗೇ ಇರ್ಲಿ. ಯಾರು ಏನ್ ಮಾಡಿದ್ರಿ ಅಂತ ನಂಗೆ ಹೇಳ್ಬೇಡಿ." ಅವರಿಗೆ ಎಲ್ಲ ತಿಳಿದಿತ್ತೇ ಎಂದು ಆಮೇಲೆ ಎಷ್ಟೋ ಸಲ ಯೋಚಿಸಿದ್ದೇನೆ. ಅವರು ಊಟದ ಬಗ್ಗೆಯೂ ಹೀಗೇ ಮಾತಾಡುತ್ತಿದ್ದರು.

ಆಮೇಲಿನ ವರ್ಷಗಳನ್ನು ಬೇಗ ಹೇಳಿಬಿಡಬಹುದು. ಹೊಸ ಡಿಜಿಟಲ್ ಪೆಡಲ್ ಬಂತು. ಅದಕ್ಕೆ ಕಾರ್ಡೂ ಅರ್ಥವಾಗುತ್ತದೆ, ಕಪ್ಪೆ ಸತ್ತಿತು. ಆದರೆ ಅದು ಯೋಚನೆ ಮಾಡಿ ಮಾತಾಡುವ ಪೈಕಿ. ಮೀಟಿದ ಮೇಲೆ ದನಿ ಬರಲು ಕೂದಲೆಳೆಯಷ್ಟು ತಡ. ನಾನು ತಾಳಕ್ಕಿಂತ ಕೂದಲೆಳೆ ಮುಂಚೆ ಮೀಟುವುದನ್ನು ರೂಢಿ ಮಾಡಿಕೊಂಡೆ, ಪರಮೇಶಿ ಜೊತೆ ಜಗಳವಾಯಿತು. ಬೇಸ್ ಎಂದಮೇಲೆ ಅವನು ಬೈದದ್ದು ರುದ್ರಣ್ಣನಿಗೆ. ಈಗ ಯಾವ ಪೆಡಲೂ ಬೇಡ, ಲ್ಯಾಪ್‌ಟಾಪಿನಲ್ಲಿ ಎಲ್ಲ ವಾದ್ಯವೂ ಇದೆ, ಹಾಡುವವರು ಹಾಡಿದರೆ ಸಾಕು. ಆದರೂ ಜನ ಎಷ್ಟು ಮಂದಿ ಬರುತ್ತೀರಿ ಎಂದು ಕೇಳುವುದನ್ನು ಬಿಟ್ಟಿಲ್ಲವಂತೆ. ಲ್ಯಾಪ್‌ಟಾಪಿನ ಪಕ್ಕದಲ್ಲಿ ವಾದ್ಯ ಹಿಡಿದು ಸುಮ್ಮನೆ ನಿಲ್ಲುವವರಿಗೆ ಈಗ ಒಳ್ಳೆಯ ಬೇಡಿಕೆ. ಆ ಕಲೆಯಲ್ಲಿ ರುದ್ರಣ್ಣನಂಥ ಗುರು ಸಿಗುವುದಿಲ್ಲ.

ನಮ್ಮ ಆರ್ಕೆಸ್ಟ್ರಾ ಇರುವವರೆಗೂ ಅವನು ಬೇಸ್ ರುದ್ರನಾಗಿಯೇ ಇದ್ದ. ಊರಿನಲ್ಲಿ ಇವತ್ತಿಗೂ ಅದೇ ಹೆಸರು. ಈಚೆಗೆ ಜಾವಗಲ್‌ಗೆ ಹೋದಾಗ ಇನ್ನೊಂದು ಸಲ ಕೇಳಿದೆ.

"ಆವತ್ತು ಹಳೇಬೀಡಲ್ಲಿ ನುಡಿಸಿದ್ದು ನೀನು ತಾನೆ?"

"ಹಳೇಬೀಡಲ್ಲ ಕಣ್ಲಾ, ಬೇಲೂರು."

"ಹಳೇಬೀಡು. ಗೊತ್ತು ನಂಗೆ."

"ಸರಿ, ಎಲ್ಲಾದ್ರೂ ಇರ್ಲಿ. ಬೇಸ್ ಚೆನ್ನಾಗಿತ್ತು ತಾನೆ?"

ಚೆನ್ನಾಗಿತ್ತು ಎಂದೆ. ಅವನು ಎಡಗೈಯಲ್ಲಿ ಕಾಫಿ ಲೋಟ ಹಿಡಿದಿದ್ದ. ಎಲ್ಲ ಬೆರಳೂ ಲೋಟವನ್ನು ಸುತ್ತಿದ್ದ ಹಾಗೆ ಕಂಡಿತು. ಲೋಟವೇ ಬೆರಳುಗಳನ್ನು ಮಡಿಸಿರಲೂಬಹುದು.

ಇದನ್ನು ತಿಳಿದುಕೊಳ್ಳುವುದು ಆಗ ಬಹಳ ಸುಲಭವಿತ್ತು. ಅವನ ವೈರು ಆಂಪ್ಲಿಫೈಯರಿನ ಹಿಂದೆ ನೆಲದ ಮೇಲಿದೆಯೋ, ನನ್ನ ವೈರಿನ ಪಕ್ಕದ ಇನ್ನೊಂದು ತೂತಿನಲ್ಲಿದೆಯೋ ಎಂದು ಬಗ್ಗಿ ನೋಡಿದ್ದರೆ ಮುಗಿಯುತ್ತಿತ್ತು. ಹಳೇಬೀಡಿನಲ್ಲಿ ನಾನು ನೋಡಲಿಲ್ಲ. ಮುಂದಿನ ಕಾರ್ಯಕ್ರಮದಲ್ಲೂ ನೋಡಲಿಲ್ಲ, ಅದರ ಮುಂದಿನದರಲ್ಲೂ. ಪೆಡಲಿಗೆ ಹೊಸ ಬ್ಯಾಟರಿ ಹಾಕಿ ಎಂದಿನಂತೆ ಒತ್ತಿದೆ, ಅವನು ಎಂದಿನಂತೆ ಬೆರಳಾಡಿಸಿದ. ಒಂದೊಂದು ಸಂಜೆ ಬೇಸ್ ನಾನು ನುಡಿಸಿದ್ದಕ್ಕಿಂತ ದಪ್ಪವಾಗಿ ಕೇಳುತ್ತಿತ್ತು, ಇಬ್ಬರು ಸೇರಿ ನುಡಿಸಿದ ಹಾಗೆ. ನಾನು ಆ ಕಡೆ ತಿರುಗುತ್ತಿರಲಿಲ್ಲ. ಅವನ ಬೆರಳು ಯಾವಾಗ ಬಂದವು, ಬಂದವೋ ಇಲ್ಲವೋ, ಅಷ್ಟು ವರ್ಷ ಜನ ಕೇಳಿದ ಬೇಸ್‌ನಲ್ಲಿ ನನ್ನದೆಷ್ಟು ಅವನದೆಷ್ಟು, ನನಗೆ ಗೊತ್ತಿಲ್ಲ. ಒಂದು ಸಲ ಬಗ್ಗಿ ನೋಡಲು ನಾನು ಯಾಕೆ ಒಪ್ಪಲಿಲ್ಲ ಎಂಬುದೂ ಗೊತ್ತಿಲ್ಲ.